ಮಸಿ ಬಳಿಯಬೇಕಾದ ಸಾಲುಗಳು

ಮನೆಯಿಂದ,
ಹದಿನಾಲ್ಕನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಕೆಮ್ಮು ಬಿಟ್ಟಿತೇ? ಹೋದ ಸಲ ಬರೆದಾಗ ಬೆರಳ ತುದಿಗಳು ಮರಗಟ್ಟುತ್ತವೆ ಎಂದಿದ್ದೆ. ಇಲ್ಲಿ ಎರಡು ವರ್ಷ ಹಬೆಯ ಮುಂದೆ ಬೆಂದವನು ಅಲ್ಲಿಗೆ ಹೋಗಿ ಮಂಜುಗಡ್ಡೆ ಕಾರ್ಖಾನೆ ಸೇರಿಕೊಂಡೆಯಲ್ಲ, ನಿನಗೆ ನಡುವಿನ ಹವೆಯೇ ಹಿಡಿಸುವುದಿಲ್ಲವೇನೋ. ಮಲಗುವಾಗ ಕೈಗೆ ಎಣ್ಣೆ ಹಚ್ಚಿಕೋ, ಕಾಲಿಗೆ ಉಣ್ಣೆಯ ಕಾಲುಚೀಲ ಹಾಕಿಕೋ. ಇದು ಅಮ್ಮನ ಮಾತು, ನನ್ನದಲ್ಲ. ಅಮ್ಮ ಎದುರಿಗೇ ಕೂತು ಬಟಾಣಿ ಸುಲಿಯುತ್ತಿದ್ದಾಳೆ. ಮಂಡಿ ನೋವು ಹೆಚ್ಚೂ ಆಗಿಲ್ಲ, ಕಡಿಮೆಯೂ ಆಗಿಲ್ಲ. ಕೇಳಿದವರಿಗೆಲ್ಲ ಒಂದೊಂದು ಥರ ಹೇಳುತ್ತಾಳೆ, ವೈದ್ಯರಿಗೆ ಮಾತ್ರ ಏನೂ ಇಲ್ಲ ಎನ್ನುತ್ತಾಳೆ. ಹತ್ತು ಕಾಯಿಗೊಮ್ಮೆ ತಲೆಯೆತ್ತಿ, ಹೊತ್ತಿಗೆ ಸರಿಯಾಗಿ ಉಣ್ಣುತ್ತಾನಾ ಕೇಳು, ನಾನು ಆವತ್ತು ಅಷ್ಟು ಬೈಯಬಾರದಿತ್ತು ಅಂತಲೂ ಬರಿ, ಎನ್ನುತ್ತಿದ್ದಾಳೆ. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದದ್ದಕ್ಕೆ ತಾನು ಬೈದದ್ದು, ನೀನು ಮೂರು ದಿನಕ್ಕೆ ಪೆಟ್ಟಿಗೆ ಕಟ್ಟಿದ್ದು, ಇವೆರಡನ್ನೂ ಅವಳು ಹದಿನಾಲ್ಕು ತಿಂಗಳಿಂದ ಒಂದೇ ದಾರದಲ್ಲಿ ಪೋಣಿಸಿಟ್ಟುಕೊಂಡಿದ್ದಾಳೆ. ಹಬೆ ಎದೆಗೆ ಒಗ್ಗುವುದಿಲ್ಲ ಎಂದು ನೀನು ಹೇಳಿದ್ದನ್ನು ಅವಳು ಒಂದು ದಿನವೂ ನಂಬಲಿಲ್ಲ. ನಾನು ನಂಬಿದ್ದೆ. ಈಗ ನಂಬುವುದಿಲ್ಲ.

ಮೊದಲು ನೇರವಾಗಿ ಹೇಳಿಬಿಡುತ್ತೇನೆ, ಆಮೇಲೆ ಸುತ್ತಿ ಬಳಸಿ ಹೇಳುತ್ತೇನೆ. ಲಾಂಡ್ರಿಯಲ್ಲಿದ್ದಾಗ ನೀನು ಸರ್ಕಾರಕ್ಕೆ ಬರೆದ ಎರಡು ಕಾಗದಗಳು ನನ್ನ ಕೈಗೆ ಬಂದಿವೆ. ಆ ಕಾಗದಗಳ ಪ್ರತಿ ಬೇಕೆಂದು ಇಬ್ಬರು ಅರ್ಜಿ ಹಾಕಿದ್ದಾರೆ. ಒಬ್ಬಳಿಗೆ ಅದು ಸಿಗಲೇಬೇಕು, ಇನ್ನೊಬ್ಬನಿಗೆ ಸಿಗಲೇಬಾರದು. ಒಬ್ಬಳಿಗೆ ಕೊಟ್ಟ ಕಾಗದವನ್ನು ಇನ್ನೊಬ್ಬನಿಗೆ ಇಲ್ಲ ಎನ್ನುವ ಹಾಗಿಲ್ಲ. ಏನು ಮಾಡಬೇಕೆಂದು ನನಗೆ ತಿಳಿಯುತ್ತಿಲ್ಲ ಕಣೋ. ತಲೆಯೊಳಗೆ ಯಾರೋ ರಾಟೆ ತಿರುಗಿಸಿದ ಹಾಗಾಗಿದೆ.

ನಾನು ತೂಕ ಅಳತೆಯ ಕಚೇರಿಯಿಂದ ವರ್ಗವಾಗಿ ಈ ಬಾಯ್ಲರ್ ತಪಾಸಣೆಯ ಕಚೇರಿಗೆ ಬಂದು ಐದು ತಿಂಗಳಾಯಿತು. ಮೂರು ಕೋಣೆ, ಬಿಸಿಯೇರಿದರೆ ಮುನಿಸಿಕೊಳ್ಳುವ ಒಂದು ಜೆರಾಕ್ಸ್ ಯಂತ್ರ, ಬಂದವರು ಕೂರಲು ಗೋಡೆಗಂಟಿದ ಒಂದು ಉದ್ದ ಬೆಂಚು. ಸರ್ಕಾರದ ಕಾಗದವನ್ನು ನೋಡಬೇಕೆಂದು ಯಾರಾದರೂ ಅರ್ಜಿ ಕೊಟ್ಟರೆ ಫೈಲು ಹುಡುಕಿ, ಪುಟಗಳಿಗೆ ನಂಬರು ಹಾಕಿ, ಪ್ರತಿ ಮಾಡಿಸಿ ಮೂವತ್ತು ದಿನದೊಳಗೆ ಕೊಡುವುದು ನನ್ನ ಕೆಲಸ. ಕಾಗದ ಸರ್ಕಾರದ್ದು, ಸರ್ಕಾರ ಜನರದ್ದು, ಹಾಗಾಗಿ ಯಾಕೆ ಬೇಕು ಎಂದು ಕೇಳುವಂತೆಯೂ ಇಲ್ಲ. ಆದರೆ ಕಾಗದದೊಳಗೆ ಮೂರನೆಯವರೊಬ್ಬರ ಹೆಸರಿದ್ದು, ಅದು ಹೊರಬಿದ್ದರೆ ಅವರ ಜೀವಕ್ಕೋ ಮೈಗೋ ಅಪಾಯ ಎನ್ನುವಂತಿದ್ದರೆ ಆ ಹೆಸರಿಗೆ ಮಸಿ ಬಳಿದು ಉಳಿದದ್ದನ್ನು ಕೊಡಬೇಕು. ಮಸಿ ಬಳಿಯುವವರು ನಮ್ಮ ಜವಾನರು; ಎಲ್ಲರೂ ಅವರನ್ನು ಮಸಿಮಾಮ ಎನ್ನುತ್ತಾರೆ. ಮೊದಲೆಲ್ಲ ಪೆನ್ನಿನಿಂದ ಗೀಚಿ ಕೊಡುತ್ತಿದ್ದರಂತೆ. ಒಬ್ಬ ಅರ್ಜಿದಾರ ಇದೇ ಬೆಂಚಿನ ಮೇಲೆ ಕೂತು, ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ಮುಚ್ಚಿದ ಹೆಸರುಗಳನ್ನೆಲ್ಲ ಹಾಜರಿ ಕರೆದ ಹಾಗೆ ಜೋರಾಗಿ ಓದಿದನಂತೆ. ಅಂದಿನಿಂದ ಮಸಿಮಾಮ ಪ್ರತಿಯ ಮೇಲೆ ಕುಂಚದಿಂದ ಮಸಿ ಬಳಿದು, ಒಣಗಿಸಿ, ಅದರದ್ದೇ ಇನ್ನೊಂದು ಪ್ರತಿ ತೆಗೆದು ಅದನ್ನು ಕೊಡುತ್ತಾರೆ. ಕೆಲಸ ಬಲು ಅಚ್ಚುಕಟ್ಟು, ಕೆಲವೊಮ್ಮೆ ಅತಿ. ಒಂದು ಸಲ ಅಕ್ಕಿಗಿರಣಿಯ ಚಿಮಣಿ ಎಷ್ಟು ಎತ್ತರ ಎಂದು ಬೀದಿಯವರು ಕೇಳಿದ್ದಕ್ಕೆ ಎತ್ತರವನ್ನೇ ಮಸಿ ಬಳಿದು ಮುಚ್ಚಿದ್ದರು. ಯಾಕೆ ಮಾಮ ಎಂದರೆ, ಅದೂ ಒಬ್ಬರದ್ದೇ ತಾನೇ ಅಮ್ಮಾ, ಎಂದಿದ್ದರು.

ಇನ್ನು ಮುಂದಿನದ್ದನ್ನು ಕೂತುಕೊಂಡು ಓದು. ನಾಲ್ಕು ತಿಂಗಳ ಹಿಂದೆ ನಿಮ್ಮ ಲಾಂಡ್ರಿಯ ಬಾಯ್ಲರ್ ಒಡೆಯಿತು. ನಿನಗೆ ತಿಳಿಸಬಾರದೆಂದು ಅಮ್ಮ ನನ್ನಿಂದ ಮಾತು ತೆಗೆದುಕೊಂಡಿದ್ದಳು, ದೂರದಲ್ಲಿರುವವನು ಹೆದರಿಕೊಳ್ಳುತ್ತಾನೆ ಎಂದು. ಬೆಳಗ್ಗೆ ಹತ್ತೂವರೆಗೆ, ಆಸ್ಪತ್ರೆಯ ಹೊದಿಕೆಗಳ ಗಾಡಿ ಬಂದು ನಿಂತಿದ್ದ ಹೊತ್ತಿಗೆ ಒಡೆದಿದ್ದು. ಬಟ್ಟೆ ಹಿಂಡುವ ಇಬ್ಬರು ಹೆಂಗಸರಿಗೆ ಕೈ ಕುತ್ತಿಗೆ ಬೆಂದಿತು. ಬಾಯ್ಲರ್ ನೋಡಿಕೊಳ್ಳುತ್ತಿದ್ದವನು ಆಸ್ಪತ್ರೆಗೆ ಸೇರುವ ಮೊದಲೇ ಹೋದ. ಉದ್ದಣ್ಣ ಎಂದು ಕರೆಯುತ್ತಿದ್ದರಂತೆ ಅವನನ್ನು. ನೀನು ಬಿಟ್ಟ ಹಗಲು ಪಾಳಿಗೆ ಹಾಕಿದ್ದು ಅವನನ್ನೇ. ನಿನಗೆ ಮುಖಪರಿಚಯವಾದರೂ ಇದ್ದಿರಬೇಕು. ಇದನ್ನು ಬರೆಯುವಾಗ ಆ ಜಾಗದಲ್ಲಿ ನೀನಿದ್ದಿದ್ದರೆ ಎನ್ನುವುದು ನನ್ನ ಮನಸ್ಸಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂದದ್ದಕ್ಕೆ ನಾಚಿಕೆಯೂ ಆಯಿತು.

ವಿಚಾರಣೆ ನಡೆಯಿತು. ಹೆಚ್ಚಾದ ಹಬೆಯನ್ನು ಹೊರಬಿಡಬೇಕಾದ ಸೇಫ್ಟಿ ವಾಲ್ವಿಗೇ ತಂತಿ ಸುತ್ತಿ ಕಟ್ಟಿದ್ದರು ಎನ್ನುವುದು ಅದರಲ್ಲಿ ಗೊತ್ತಾಯಿತು. ಕಟ್ಟಿದವರು ಯಾರು? ಲಾಂಡ್ರಿಯ ಮೇಸ್ತ್ರಿ, ಸತ್ತವನೇ ಕಟ್ಟಿಕೊಂಡಿದ್ದ, ಗಳಿಗೆಗೊಮ್ಮೆ ಎದ್ದು ನೋಡಲಾರದ ಸೋಮಾರಿತನಕ್ಕೆ, ಎಂದು ಬರೆದುಕೊಟ್ಟ. ಇಲ್ಲ ಎನ್ನಬೇಕಾದವನು ಬದುಕಿಲ್ಲ. ಹಳೆಯ ದೂರುಗಳ ಫೈಲನ್ನು ಯಾರೂ ತೆಗೆಸಿ ನೋಡಲಿಲ್ಲ, ವರದಿ ಹಾಗೇ ಹೋಯಿತು. ಉದ್ದಣ್ಣನ ಹೆಂಡತಿ ಮನೆಯಲ್ಲೇ ಹೊಲಿಗೆ ಹೊಲಿಯುವವಳು. ಆಕೆಯ ಮಗಳು ಶಾಲೆಯಿಂದ ಬಂದು, ಅಪ್ಪ ಇಬ್ಬರನ್ನ ಸುಟ್ಟರಂತೆ, ಹೌದಾ, ಎಂದು ಕೇಳಿತಂತೆ. ಮಾರನೇ ದಿನವೇ ಆಕೆ ನಮ್ಮ ಕಚೇರಿಗೆ ಬಂದು, ಆ ಬಾಯ್ಲರ್ ಬಗ್ಗೆ ಮೊದಲೇ ಯಾರಾದರೂ ದೂರು ಕೊಟ್ಟಿದ್ದರೆ ಅದರ ಪ್ರತಿ ಬೇಕು ಎಂದು ಅರ್ಜಿ ಬರೆದಳು. ಅರ್ಜಿ ತೆಗೆದುಕೊಂಡವಳು ನಾನೇ. ಸಹಿಯ ಕೆಳಗೆ ತಾರೀಕು ಹಾಕಿ ಎಂದೆ. ಆಕೆ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು, ಆಮೇಲೆ ತಾರೀಕು ಹಾಕಿದಳು.

ಫೈಲು ಸಿಕ್ಕಿದ್ದು ಮಸಿಮಾಮನಿಗೆ, ನೇರ ಸಾಹೇಬರ ಮೇಜಿಗೆ ಹೋಯಿತು. ಅದರಲ್ಲಿ ಎರಡು ದೂರು. ನಮ್ಮ ಸಾಹೇಬರು, ಓದಲು ಒಂದು, ದೂರಕ್ಕೆ ಒಂದು ಎಂದು ಎರಡು ಕನ್ನಡಕ ಇಟ್ಟುಕೊಂಡು ಯಾವಾಗಲೂ ತಪ್ಪು ಕನ್ನಡಕವನ್ನೇ ಹಾಕಿಕೊಂಡಿರುವವರು, ಹೆಸರು ವಿಳಾಸ ಮುಚ್ಚಿ ಕೊಟ್ಟುಬಿಡಿ ಎಂದು ಬರೆದರು. ಮಸಿಮಾಮ ಮುಚ್ಚಿ ತಂದರು. ಕೊಡುವ ಮೊದಲು ನಾನು ಒಂದು ಸಲ ಓದಬೇಕು, ಅದು ಪದ್ಧತಿ. ಹೆಸರಿನ ಜಾಗದಲ್ಲಿ ಕಪ್ಪು ಪಟ್ಟಿ, ವಿಳಾಸದ ಜಾಗದಲ್ಲಿ ಇನ್ನೂ ಉದ್ದದ ಪಟ್ಟಿ, ಎಲ್ಲ ಸರಿಯಾಗಿತ್ತು. ಅಕ್ಷರ ಎಲ್ಲೋ ಕಂಡಂತಿದೆಯಲ್ಲ ಎಂದುಕೊಂಡು ಹಾಗೇ ಓದುತ್ತಾ ಹೋದೆ. “ಅಜ್ಜಿಗೆ ಮೂರು ದಿನದಿಂದ ಉಸಿರು ಕಟ್ಟುತ್ತಿದೆ. ಮೇಸ್ತ್ರಿ ಹೇಳಿದರೆಂದು ಸೇಫ್ಟಿ ವಾಲ್ವಿಗೆ ತಂತಿ ಸುತ್ತಿ ಕಟ್ಟಿದ್ದಾರೆ. ವಾಲ್ವು ತೆರೆದುಕೊಂಡರೆ ಹಬೆ ಪೋಲಾಗುತ್ತದೆ, ಬಟ್ಟೆ ಹೊತ್ತಿಗೆ ಒಣಗುವುದಿಲ್ಲ ಎನ್ನುತ್ತಾರೆ. ಬೈಯಲು ಬಾಯಿ ತೆರೆಯುವ ಅಜ್ಜಿಯ ಬಾಯಿಗೆ ಬಟ್ಟೆ ತುರುಕಿದರೆ ಅವಳು ಸಮಾಧಾನವಾದಳು ಎಂದು ಅರ್ಥವಲ್ಲ ಸ್ವಾಮಿ.” ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಆ ಬಾಯ್ಲರನ್ನು ಅಜ್ಜಿ ಎಂದು ಕರೆಯುತ್ತಿದ್ದವನು ಈ ಭೂಮಿಯ ಮೇಲೆ ಒಬ್ಬನೇ. ಊಟಕ್ಕೆ ಕೂತಾಗಲೆಲ್ಲ, ಇವತ್ತು ಅಜ್ಜಿ ಬುಸುಗುಟ್ಟಿದಳು, ಇವತ್ತು ಅಜ್ಜಿಗೆ ಗೂರಲು, ಎಂದು ನೀನು ಹೇಳುತ್ತಿದ್ದದ್ದನ್ನು ಕೇಳಿ ನಾವು ನಗುತ್ತಿದ್ದೆವು. ಲಾಂಡ್ರಿಯವರಿಗೂ ಅದು ಗೊತ್ತಿಲ್ಲದ ಮಾತಲ್ಲವಲ್ಲ.

ಎರಡನೇ ಕಾಗದವನ್ನು ಎಷ್ಟು ಸಲ ಓದಿದೆನೋ. ನಿನ್ನ ಮೊದಲ ದೂರಿನ ಮೇಲೆ ತಪಾಸಣೆಗೆ ಹೋಗುವ ಮೊದಲು ನಮ್ಮವರು ಲಾಂಡ್ರಿಗೆ ತಿಳಿಸಿಯೇ ಹೋದರು. ಆಗ ಅದೇ ಪದ್ಧತಿ. ಹೋದಾಗ ತಂತಿ ಇರಲಿಲ್ಲ, ಸ್ಥಿತಿ ತೃಪ್ತಿಕರ ಎಂದು ಬರೆದು ಬಂದರು. ಒಳಗಿನವರೇ ಯಾರೋ ದೂರು ಕೊಟ್ಟಿದ್ದಾರೆ ಎನ್ನುವುದು ಮೇಸ್ತ್ರಿಗೆ ಹೊಳೆಯಿತು. ಬಾಯ್ಲರ್ ನೋಡಿಕೊಳ್ಳುವ ಮೂವರನ್ನೂ ಒಬ್ಬೊಬ್ಬರಾಗಿ ಹಬೆಯ ಬಿಸಿಯಲ್ಲಿ ಬಟ್ಟೆ ಒಣಗಿಸುವ ಕೋಣೆಗೆ ನೂಕಿ ಹೊರಗಿನಿಂದ ಅಗುಳಿ ಹಾಕಿಸಿದ, ಬಾಯಿ ಬಿಡುವವರೆಗೆ. ನೀನು ಬರೆದಿದ್ದೀಯ: “ಉಳಿದ ಇಬ್ಬರಿಗೆ ಏನೂ ಗೊತ್ತಿಲ್ಲ. ಯಾರೂ ಏನೂ ಹೇಳಲಿಲ್ಲ. ದಯವಿಟ್ಟು ನನ್ನ ಹೆಸರನ್ನು ಯಾರಿಗೂ ತಿಳಿಸಬೇಡಿ.” ಕೆಳಗಿನ ತಾರೀಕು ನೋಡಿದೆ. ಒದ್ದೆ ಟವೆಲಿನ ತಾರೀಕು ಅದೇ. ಆವತ್ತು ನಿನ್ನ ಮುಖ ಕೆಂಪಾಗಿತ್ತು, ಜ್ವರವೇನೋ ಎಂದು ಅಮ್ಮ ಹಣೆ ಮುಟ್ಟಲು ಬಂದಾಗ ಕೈ ಕೊಡವಿ ಒಳಗೆ ಹೋಗಿ ಟವೆಲು ಎಸೆದೆ. ಬೈಗುಳ ಬಂದದ್ದು ಆಮೇಲೆ. ಒಂದೇ ಛಾವಣಿಯ ಕೆಳಗೆ ಇದ್ದ ನನಗಾದರೂ ಹೇಳಬಾರದಿತ್ತೇ? ಹೇಳಿದ್ದರೆ ನಾನು ಏನು ಮಾಡುತ್ತಿದ್ದೆ ಎಂದು ಕೇಳಬೇಡ, ಅದೂ ಗೊತ್ತಿಲ್ಲ.

ಸಾಹೇಬರಿಗೆ ಒಂದು ಪುಟ ಸರಿಯಾಗಿ ಮೂಡಿಲ್ಲ, ಮತ್ತೆ ಪ್ರತಿ ತೆಗೆಸಬೇಕು ಎಂದು ಸುಳ್ಳು ಹೇಳಿ ಕಾಗದವನ್ನು ತಡೆದೆ. ಅದೇ ವಾರ ಮೇಸ್ತ್ರಿಯೂ ಬಂದ. ಇಸ್ತ್ರಿಯ ಗೆರೆ ಮುರಿಯದ ಅಂಗಿ, ನಗುಮುಖ, ಎಲ್ಲರಿಗೂ ನಮಸ್ಕಾರ. ಅದೇ ಫೈಲಿನ ಪ್ರತಿ ತನಗೂ ಬೇಕೆಂದು ಅರ್ಜಿ ಕೊಟ್ಟ. ನಾನೂ ಒಬ್ಬ ನಾಗರಿಕನೇ ಅಲ್ವಾ ಮೇಡಂ, ಎಂದ. ಅಲ್ಲ ಎನ್ನಲು ನನ್ನ ಹತ್ತಿರ ಯಾವ ನಿಯಮವೂ ಇರಲಿಲ್ಲ. ನಮ್ಮಲ್ಲಿ ಹೋಗುವ ಬರುವ ಟಪಾಲಿನ ರಿಜಿಸ್ಟರನ್ನೂ ಯಾರು ಬೇಕಾದರೂ ನೋಡಬಹುದು. ಅವನು ಅದನ್ನು ಕೇಳಿ ಪಡೆದು, ಬೆಂಚಿನ ಮೇಲೆ ಕೂತು, ಬೆರಳನ್ನು ಸಾಲಿನಿಂದ ಸಾಲಿಗೆ ಇಳಿಸುತ್ತಾ ಎರಡು ಗಂಟೆ ಓದಿದ. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಉದ್ದಣ್ಣನ ಹೆಂಡತಿ ಯಾರದೋ ಅಂಗಿಗೆ ಗುಂಡಿ ಹೊಲಿಯುತ್ತಾ ಕೂತಿದ್ದಳು. ಹೋಗುವಾಗ ಅವನು ಆಕೆಯ ಮುಂದೆ ನಿಂತು, ಸರ್ಕಾರದ ಕಾಗದ ನಂಬಿಕೊಂಡು ಎಷ್ಟು ದಿನ ಅಂತ ಕೂರ್ತೀಯಮ್ಮಾ, ಎಂದ. ಆಕೆ ಹಲ್ಲಿನಿಂದ ದಾರ ಕಡಿದು, ಗುಂಡಿ ಇನ್ನೂ ಬಾಳ ಇವೆ, ಎಂದಳು.

ನಾನೇ ಮಸಿ ಹಿಡಿದು ಕೂತೆ. ಅಜ್ಜಿ ಎಂದಿರುವಲ್ಲೆಲ್ಲ ಬಳಿದೆ. ಸಾಲದು ಎನ್ನಿಸಿತು. ಉಸಿರು, ಗೂರಲು, ಬೈಗುಳ ಎಲ್ಲ ನಿನ್ನ ಮಾತೇ, ಬಳಿದೆ. ಹಗಲು ಪಾಳಿ ಎಂದಿದ್ದರೆ ನೀನು ಎಂದು ಗೊತ್ತಾಗುತ್ತದೆ, ಬಳಿದೆ. ಕೈಬರಹ? ಅದನ್ನು ಏನು ಮಾಡುವುದು, ನಿನ್ನ ಅಕ್ಷರಗಳಂತೂ ಒಂದರ ಹೆಗಲ ಮೇಲೆ ಒಂದು ಕೈ ಹಾಕಿಕೊಂಡು ನಡೆಯುತ್ತವೆ. ಕೊನೆಗೆ ಪುಟದಲ್ಲಿ ಉಳಿದದ್ದು ಮಾನ್ಯರೇ, ಆದರೆ, ಸ್ವಾಮಿ, ಇಂತಿ ವಂದನೆಗಳು. ಸಾಹೇಬರು ಅದನ್ನು ನೋಡಿ, ಕನ್ನಡಕ ಬದಲಾಯಿಸಿ ಇನ್ನೊಮ್ಮೆ ನೋಡಿ, ಇದು ಕಾಗದವೋ ಒಲೆ ಮೇಲಿನ ಹೆಂಚೋ, ಎಂದು ನಕ್ಕರು. ಮಸಿಮಾಮನಿಗಂತೂ ಸಂಕಟವಾಯಿತು, ಮಸಿ ವ್ಯರ್ಥವಾದದ್ದಕ್ಕೆ. ಆಕೆಗೆ ಬೇಕಾದದ್ದು ಮುಚ್ಚಿದ ಆ ಸಾಲುಗಳೇ ಕಣೋ. ತಂತಿಯನ್ನು ಉದ್ದಣ್ಣ ಹಗಲು ಪಾಳಿಗೆ ಬರುವ ಮೊದಲೇ ಕಟ್ಟಿದ್ದರು, ಕಟ್ಟಿಸಿದವನು ಮೇಸ್ತ್ರಿ, ಎನ್ನುವುದು ಅಲ್ಲಿ ಮಾತ್ರ ಇದೆ. ಆಕೆಯ ಗಂಡನ ಮೇಲಿನ ಮಾತನ್ನು ತೆಗೆಯುವ ಸಾಲುಗಳೂ, ನಿನ್ನನ್ನು ತೋರಿಸಿಕೊಡುವ ಸಾಲುಗಳೂ ಬೇರೆ ಬೇರೆಯಲ್ಲ. ಇವನ್ನು ಬಿಡಿಸುವ ಕತ್ತರಿ ಯಾವ ಕಚೇರಿಯಲ್ಲಿದೆ? ಬರೀ ಸಾರಾಂಶ ಮಾಡಿ ಕೊಡೋಣ ಎಂದು ಸಾಹೇಬರು ಹೇಳಿದರು. ಆಕೆಯನ್ನು ಕೇಳಿದೆ. ನೀವು ಬರೆದಿದ್ದನ್ನ ತಗೊಂಡು ನಾನೇನು ಮಾಡ್ಲಿ, ಅವತ್ತೇ ಯಾರೋ ಬರೆದಿದ್ದು ಬೇಕು, ಎಂದಳು. ಸರಿಯೇ ತಾನೇ.

ನಮ್ಮಜ್ಜಿ, ನಿಜವಾದ ಅಜ್ಜಿ, ಬಾಗಿಲು ಕಾಯುವವನ ಕಥೆ ಹೇಳುತ್ತಿದ್ದದ್ದು ನೆನಪಿದೆಯೇ? ರಾಜ ಅವನಿಗೆ ಎರಡು ಮಾತು ಹೇಳಿದ್ದ. ನ್ಯಾಯ ಕೇಳಲು ಬಂದ ಒಬ್ಬರನ್ನೂ ಹೊರಗೆ ನಿಲ್ಲಿಸಬೇಡ. ಒಳಗಿರುವ ಒಬ್ಬರಿಗೂ ಗಾಯವಾಗಕೂಡದು. ಒಂದು ದಿನ ಅಳುತ್ತಾ ಒಬ್ಬ ಹೆಂಗಸು ಬಂದಳು, ಅವಳ ಹಿಂದೆಯೇ ಚೂರಿ ಮುಚ್ಚಿಟ್ಟುಕೊಂಡ ಒಬ್ಬ ಬಂದ, ಇಬ್ಬರೂ ನ್ಯಾಯ ಕೇಳಲು ಬಂದಿದ್ದೇವೆ ಎಂದರು. ಬಾಗಿಲು ಒಂದೇ. ಆಮೇಲೆ ಏನಾಯ್ತಜ್ಜಿ ಎಂದು ನೀನು ಕೇಳಿದಾಗಲೆಲ್ಲ ಅವಳು ಒಂದೊಂದು ಥರ ಹೇಳುತ್ತಿದ್ದಳು. ಒಂದು ಸಲ ಬಾಗಿಲವನು ಮೂರ್ಛೆ ಹೋದ. ಒಂದು ಸಲ ರಾಜನನ್ನೇ ಹೊರಗೆ ಕರೆತಂದ. ಒಂದು ಸಲ ಬಾಗಿಲನ್ನೇ ಕಿತ್ತು ಹೊತ್ತುಕೊಂಡು ಊರು ಬಿಟ್ಟ. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅವಳಿಗೂ ಉತ್ತರ ಗೊತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ತೂಕ ಅಳತೆಯ ಕಚೇರಿಯಲ್ಲಿ ನಾನು ಎಷ್ಟು ಸುಖವಾಗಿದ್ದೆ! ತಕ್ಕಡಿಯ ಮುಳ್ಳು ನಡುವೆ ನಿಂತರೆ ಸರಿ, ವಾಲಿದರೆ ತಪ್ಪು, ಮುದ್ರೆ ಒತ್ತಿ ಎದ್ದು ಬರುತ್ತಿದ್ದೆ.

ಶುಕ್ರವಾರ ತಡೆಯಲಾಗದೆ ಸಾಹೇಬರ ಕೋಣೆಗೆ ಹೋಗಿ, ಕದ ಮುಂದಕ್ಕೆ ಮಾಡಿ, ಬರೆದವನು ನನ್ನ ತಮ್ಮ ಎಂದು ಹೇಳಿಬಿಟ್ಟೆ. ಅವರು ಎರಡೂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹಾಗಿದ್ರೆ ಈ ಫೈಲನ್ನ ನೀವು ಮುಟ್ಟಬಾರದಿತ್ತಮ್ಮಾ,” ಎಂದರು. ಆಮೇಲೆ, ಬೇರೆಯವರ ಕೈಗೆ ಕೊಟ್ಟರೆ ಇನ್ನೂ ನಾಲ್ಕು ಕಿವಿಗೆ ಬೀಳುತ್ತದಲ್ಲ ಎಂದು ತಾವೇ ಯೋಚನೆಗೆ ಬಿದ್ದರು. ಕೊನೆಗೆ ಫೈಲನ್ನು ತಮ್ಮ ಬೀರುವಿನೊಳಗಿಟ್ಟು ಬೀಗ ಹಾಕಿ, ನಿಯಮದ ಪುಸ್ತಕ ತೆಗೆದರು. “ನೋಡಿ, ಕೊಡಬೇಕು ಅಂತ ಈ ಪುಟದಲ್ಲಿದೆ. ಕೊಡಬಾರದು ಅಂತ ಪಕ್ಕದ ಪುಟದಲ್ಲಿದೆ. ಎರಡನ್ನೂ ತೂಗಿ ನೋಡಿ ಅಂತ ಅದರ ಹಿಂದಿನ ಪುಟದಲ್ಲಿದೆ. ನೀವು ತೂಕದ ಕಚೇರಿಯವರು, ನೀವೇ ಹೇಳಿ.” ಅವರು ತಮಾಷೆಗೆ ಹೇಳಲಿಲ್ಲ. ಅವರ ಮುಖವೂ ನನ್ನ ಮುಖದ ಹಾಗೇ ಇತ್ತು.

ಪುಸ್ತಕದ ಪ್ರಕಾರ ಈಗ ನಿನಗೆ ನೋಟಿಸು ಕೊಡಬೇಕು. ನಿನ್ನ ಕಾಗದ ಹೊರಗೆ ಕೊಡಲು ಒಪ್ಪಿಗೆಯೋ, ಆಕ್ಷೇಪವೋ, ಕೆಲವು ಭಾಗಕ್ಕೆ ಮಾತ್ರ ಒಪ್ಪಿಗೆಯೋ ಎಂದು ನೀನು ಹತ್ತು ದಿನದೊಳಗೆ ಹೇಳಬೇಕು. ಟಪಾಲಿಗೆ ಹಾಕಿದರೆ ನಿನ್ನ ವಿಳಾಸ ರಿಜಿಸ್ಟರಿಗೆ ಏರುತ್ತದೆ, ರಿಜಿಸ್ಟರು ಮೇಸ್ತ್ರಿಯ ತೊಡೆಯ ಮೇಲೆ ಕೂರುತ್ತದೆ. ಅದಕ್ಕೆ ಸಾಹೇಬರು ಲಕೋಟೆಯನ್ನು ನನ್ನ ಕೈಗೇ ಕೊಟ್ಟು, ಕೈಯಾರೆ ತಲುಪಿಸಲಾಗಿದೆ ಎಂದು ಬರೆದುಕೊಂಡರು. ಹೇಗೆ ತಲುಪಿಸುತ್ತೀರಿ ಎಂದು ಕೇಳಲಿಲ್ಲ. ಅದು ಸರಿಯೋ ತಪ್ಪೋ ಅದೂ ಗೊತ್ತಿಲ್ಲ. ಈ ಕಾಗದದ ಜೊತೆಗೇ ಇಟ್ಟಿದ್ದೇನೆ. ಇನ್ನೊಂದು ಹೇಳಿದರು. ನೀನು ಆಕ್ಷೇಪ ಎಂದರೂ ಕೊಡಲೇಬೇಕೆಂದು ಅವರಿಗೆ ಅನ್ನಿಸಿದರೆ ಕೊಡಬಹುದಂತೆ. ಒಪ್ಪಿಗೆ ಎಂದರೂ ಅಪಾಯ ಕಂಡರೆ ತಡೆಯಬಹುದಂತೆ. ಹಾಗಾದರೆ ಕೇಳುವುದು ಯಾಕೆ ಎಂದೆ. ಕೇಳದೆ ಮಾಡೋದಕ್ಕಿಂತ ಕೇಳಿ ಮಾಡೋದು ಮೇಲಲ್ವೇನಮ್ಮಾ, ಎಂದರು. ಕಾಗದ ಆಕೆಗೆ ಹೋದರೆ ವಿಚಾರಣೆ ಮತ್ತೆ ತೆರೆಯಬಹುದು, ಆಗ ಬರೆದವನನ್ನು ಕರೆಯಬಹುದು. ಕರೆಯದಿದ್ದರೂ ಮೇಸ್ತ್ರಿ ಹುಡುಕಬಹುದು. ಅವನ ತಂಗಿಯ ಗಂಡನ ಲಾರಿಗಳು ನಿಮ್ಮ ಊರಿಗೂ ಬರುತ್ತವಂತೆ. ನಿನ್ನನ್ನು ಹೆದರಿಸಲು ಬರೆಯುತ್ತಿಲ್ಲ, ಬರೆಯದಿದ್ದರೆ ನಾನು ಮಸಿ ಬಳಿದ ಹಾಗಾಗುತ್ತದೆ.

ನಿನ್ನೆ ಪೆನ್ಸಿಲಿನಲ್ಲಿ ನೋಟಿಸಿನ ಆಕ್ಷೇಪದ ಚೌಕಕ್ಕೆ ನಾನೇ ಗುರುತು ಹಾಕಿದ್ದೆ. ಅಕ್ಕನಲ್ಲವೇ. ಆಮೇಲೆ ಆ ಬೆಂಚು ಕಣ್ಣಿಗೆ ಬಂತು, ಅಳಿಸಿ ಒಪ್ಪಿಗೆಗೆ ಹಾಕಿದೆ. ನೀನು ಒಣಗಿಸುವ ಕೋಣೆಯೊಳಗೆ ನಿಂತದ್ದು ಕಣ್ಣಿಗೆ ಬಂತು, ಅದನ್ನೂ ಅಳಿಸಿದೆ. ಎರಡು ಚೌಕಗಳ ಹತ್ತಿರವೂ ಕಾಗದ ಸವೆದು ತೆಳ್ಳಗಾಗಿದ್ದರೆ ಅದು ನನ್ನ ಕೆಲಸ, ಸರ್ಕಾರದ್ದಲ್ಲ. ಏನು ಮಾಡಬೇಕು ಎಂದು ಹೇಳುವ ದೊಡ್ಡಸ್ತಿಕೆ ನನ್ನಲ್ಲಿ ಉಳಿದಿಲ್ಲ. ಚಿಕ್ಕವನಿದ್ದಾಗ ನೀನು ಶಾಲೆಯ ಲೆಕ್ಕ ತಂದು ಮುಂದಿಟ್ಟರೆ ಉತ್ತರ ಬರದಿದ್ದರೂ, ನೀನೇ ಮಾಡು, ಕಲಿಯೋದು ಹೇಗೆ ಮತ್ತೆ, ಎಂದು ಜಂಬ ತೋರಿಸುತ್ತಿದ್ದೆ. ಈ ಸಲ ಜಂಬವಿಲ್ಲದೆ ಅದನ್ನೇ ಹೇಳುತ್ತಿದ್ದೇನೆ.

ಅಮ್ಮನ ಬಟಾಣಿ ಮುಗಿಯಿತು. ಅಷ್ಟೊಂದು ಏನು ಬರೀತಿದೀಯೇ, ಅವನಿಗೆ ಓದೋಕೆ ಒಂದು ದಿನ ರಜೆ ಬೇಕಾಗುತ್ತೆ, ಎನ್ನುತ್ತಿದ್ದಾಳೆ. ಕಚೇರಿ ಸುದ್ದಿ ಎಂದೆ. ನೀನು ಹೋದದ್ದು ಅವಳ ಬೈಗುಳಕ್ಕಲ್ಲ ಎಂದು ಹೇಳಿಬಿಡಲೇ ಎಂದು ಬಾಯಿಗೆ ಬಂತು. ಹೇಳಿದರೆ ಬೇರೆಯ ಭಯ ಹಿಡಿಯುತ್ತದೆ. ಅದನ್ನೂ ನೀನೇ ಹೇಳು, ಯಾವುದು ಅವಳಿಗೆ ಹಗುರ ಎಂದು. ಅಮ್ಮನ ಆಶೀರ್ವಾದ. ನೀನಿರುವ ಮನೆಯ ಯಜಮಾನರಿಗೆ, ನಿನ್ನ ಜೊತೆ ಕೋಣೆ ಹಂಚಿಕೊಂಡವನಿಗೆ ನನ್ನ ನಮಸ್ಕಾರ ತಿಳಿಸು. ಯಾರಾದರೂ ಹೊಸಬರು ನಿನ್ನನ್ನು ಕೇಳಿಕೊಂಡು ಬಂದರೆ ಇಲ್ಲ ಎನ್ನಲು ಅವರಿಗೆ ಹೇಳಿಡು. ಚೆನ್ನಾಗಿರು, ಬೆಚ್ಚಗಿರು.

ಇಂತಿ ನಿನ್ನ,
ಅಕ್ಕ

ಮರೆತ ಮಾತು: ಸೋಮವಾರ, ಅಂಚೆ ಕಚೇರಿಯಲ್ಲಿ ನಿಂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಮನ್ನಿಸು. ಊಟದ ಬಿಡುವಿನಲ್ಲಿ ಮೆಟ್ಟಿಲು ಇಳಿಯುತ್ತಿದ್ದಾಗ ಉದ್ದಣ್ಣನ ಹೆಂಡತಿ ಹಿಂದೆಯೇ ಬಂದಳು. ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು, “ನಿಮ್ಮ ತಮ್ಮ ಹೇಗಿದಾನಕ್ಕಾ?” ಎಂದಳು. ಮೊದಲ ದಿನವೇ ನಿನ್ನ ಹಾಗೇ ಇರುವ ನನ್ನ ಗದ್ದ ನೋಡಿ ಗುರುತು ಹಿಡಿದಳಂತೆ. ನಿನ್ನ ಮೊದಲ ಕಾಗದವನ್ನು ನೀನು ಬರೆದದ್ದು ಆಕೆಯ ಹೊಲಿಗೆ ಮಷೀನಿನ ಹಲಗೆಯ ಮೇಲೆ, ಅಂಚೆಗೆ ಹಾಕಿದವನು ಉದ್ದಣ್ಣ. ಒಣಗಿಸುವ ಕೋಣೆಯಲ್ಲಿ ಮೂವರಲ್ಲಿ ಹೆಚ್ಚು ಹೊತ್ತು ಇದ್ದವನೂ ಅವನೇ. ಮನೆಗೆ ಬಂದು, ಆ ಹೆಸರು ನಿನ್ನ ಬಾಯಲ್ಲಿ ಬರಬಾರದು, ಎಂದನಂತೆ. ವಿಚಾರಣೆಯಲ್ಲಿ ಮೊದಲು ಯಾರಾದರೂ ದೂರು ಕೊಟ್ಟಿದ್ದರೆ ಹೆಸರು ಹೇಳು ಎಂದಾಗ ಆಕೆ ಗೊತ್ತಿಲ್ಲ ಎಂದಳು. ಗಂಡನೇ ತಪ್ಪಿತಸ್ಥ ಎಂದು ಬರೆದುಕೊಳ್ಳುವುದನ್ನು ಎದುರಿಗೆ ಕೂತು ನೋಡಿದಳು. “ಸರ್ಕಾರದವರು ಹೆಸರು ಮುಚ್ಚಿ ಕಾಗದ ಕೊಡ್ತಾರೆ ಅಂದ್ರು. ಅದಕ್ಕೇ ಅರ್ಜಿ ಹಾಕ್ದೆ. ನನ್ನ ಬಾಯಿಂದ ಹೇಳೋದು ತಪ್ಪುತ್ತಲ್ಲ.” ಹೆಸರು ಮುಚ್ಚಿದರೂ ನೀನು ಮುಚ್ಚಿಹೋಗುವುದಿಲ್ಲ ಎಂದು ಆಕೆಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಕಾಗದ ಕೊಡಿಸಿ ಎಂದು ಆಕೆ ನನ್ನನ್ನು ಕೇಳಲೂ ಇಲ್ಲ. ಒಂದು ಮಾತು ಮಾತ್ರ ನಿನಗೆ ತಿಳಿಸಲು ಹೇಳಿದಳು. ನೀನು ಉದ್ದಣ್ಣನಿಗೆ ಬರೆದ ಕೊನೆಯ ಕಾಗದ ಆ ಮನೆಗೆ ಬಂದದ್ದು ಬಾಯ್ಲರ್ ಒಡೆದ ಒಂಬತ್ತನೇ ದಿನವಂತೆ. ಒಡೆಯದೆ ಇಟ್ಟಿದ್ದಾಳೆ. “ಉತ್ತರ ಬರಲಿಲ್ಲ ಅಂತ 'ಮರೆತುಬಿಟ್ಟ' ಅಂದ್ಕೊಂಡಿರ್ತಾನೆ. ಹಾಗಲ್ಲ ಅಂತ ಬರೀರಿ ಅಕ್ಕಾ.”